ಮಿಸರಿ ಜೇನಿನ ಅಂಟು, ಸೀಸೆಯ ಮೇಲಿನ ‘ಕೇಪ್’: ಮದ್ದೆಂದು ನಂಬುವ ಮುನ್ನ

ಜೇನುತುಪ್ಪ ಮಾರುವ ಮಳಿಗೆಗಳಲ್ಲಿ ಈಚೆಗೆ ಕಂದು ಬಣ್ಣದ ಪುಟ್ಟ ಸೀಸೆಯೊಂದು ಕಾಣಿಸಿಕೊಳ್ಳುತ್ತಿದೆ. ಪ್ರೊಪೊಲಿಸ್ ಎಂದು ಅದರ ಹೆಸರು. ಜೇನುಹುಳುಗಳು ಮರಗಳ ಮೊಗ್ಗು ಮತ್ತು ತೊಗಟೆಯಿಂದ ಒಸರುವ ಅಂಟನ್ನು ತಂದು, ಮೇಣ ಬೆರೆಸಿ, ಗೂಡಿನ ಬಿರುಕು ಮುಚ್ಚಲು ಬಳಸುವ ವಸ್ತು ಅದು. ಕೊಂಡವರು ಮೊಬೈಲಿನಲ್ಲಿ ಹುಡುಕಿದರೆ ಮೊದಲು ಸಿಗುವ ಹೆಸರು ‘ಕೇಪ್’, ಅಂದರೆ ಕೆಫೀಕ್ ಆಸಿಡ್ ಫೆನೆಥೈಲ್ ಎಸ್ಟರ್. ಕ್ಯಾನ್ಸರ್ ಕೋಶ ಕೊಲ್ಲುತ್ತದೆ, ಉರಿಯೂತ ಇಳಿಸುತ್ತದೆ, ವೈರಸ್ಸನ್ನು ತಡೆಯುತ್ತದೆ ಎಂಬ ಸಾಲುಗಳು ಅದರ ಬೆನ್ನಿಗೇ ಬರುತ್ತವೆ. ಮರುದಿನ ಹಿತ್ತಲಿನ ಜಂಬಿಟ್ಟಿಗೆ ಗೋಡೆಯ ಸಂದಿನಲ್ಲಿರುವ ಮಿಸರಿ, ಅಂದರೆ ಕೊಂಡಿಯಿಲ್ಲದ ಪುಟ್ಟ ಜೇನಿನ ಗೂಡಿನ ಮೇಲೆ ಕಣ್ಣು ಬೀಳುತ್ತದೆ.

ಮಲೆನಾಡಿನಲ್ಲಿ ಮಿಸರಿ ತುಪ್ಪಕ್ಕೆ ಮೊದಲಿನಿಂದಲೂ ಮದ್ದಿನ ಮರ್ಯಾದೆ ಇದೆ. ಹಾಗಾಗಿ ಅದರ ಅಂಟಿಗೂ ಅದೇ ಮರ್ಯಾದೆ ಕೊಡುವುದು ಸುಲಭ. ಆದರೆ ಪ್ರಯೋಗಾಲಯದ ವರದಿಗಳಲ್ಲಿ ಹೊಗಳಿಸಿಕೊಂಡ ಕೇಪ್ ಬೇರೆ ದೇಶದ, ಬೇರೆ ಮರದ, ಬೇರೆ ಜೇನಿನ ಅಂಟಿನದ್ದು. ಅದು ನಮ್ಮ ಗೋಡೆಯ ಸಂದಿನಲ್ಲಿಯೂ ಇದೆ ಎಂದುಕೊಳ್ಳಲು ಆಧಾರವಿಲ್ಲ. ಕೊಳ್ಳುವವರು, ಸ್ವಂತ ಗೂಡಿನಿಂದ ತೆಗೆಯುವವರು, ತೆಗೆದು ಮಾರಬೇಕೆಂದಿರುವವರು ಇದನ್ನು ಮೊದಲು ತಲೆಯಲ್ಲಿಟ್ಟುಕೊಂಡು, ಮುಂದಿನ ಹೆಜ್ಜೆಗಳನ್ನು ಒಂದೊಂದಾಗಿ ನೋಡಬಹುದು.

ಮೊದಲ ಹೆಜ್ಜೆ: ಯಾವ ಜೇನು, ಯಾವ ಮರ?

ನಿಮ್ಮ ಕೈಯಲ್ಲಿರುವ ಅಂಟು ಯಾವ ಹುಳುವಿನದ್ದು ಎಂದು ಕೇಳಿಕೊಳ್ಳಿ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ತೋಟಗಳಲ್ಲಿ ಪೆಟ್ಟಿಗೆಯಲ್ಲಿ ಸಾಕುವುದು ಹೆಚ್ಚಾಗಿ ತುಡುವೆ ಜೇನನ್ನು. ತುಡುವೆ ಅಂಟು ತರುವುದು ಇಲ್ಲವೆನ್ನುವಷ್ಟು ಕಡಿಮೆ. ಅದು ಸಂದು ಮುಚ್ಚುವುದು ಬಹುಮಟ್ಟಿಗೆ ಮೇಣದಲ್ಲೇ. ಆದ್ದರಿಂದ ‘ಮಲೆನಾಡಿನ ತುಡುವೆ ಪ್ರೊಪೊಲಿಸ್’ ಎಂದು ಯಾರಾದರೂ ಸೀಸೆಗಟ್ಟಲೆ ಮಾರುತ್ತಿದ್ದರೆ ಅದು ಎಲ್ಲಿಂದ ಬಂತು ಎಂದು ಕೇಳುವ ಹಕ್ಕು ನಿಮಗಿದೆ. ಹೆಜ್ಜೇನು ಬಯಲಲ್ಲಿ ಎರಿ ಕಟ್ಟುವ ಜಾತಿ. ಮುಚ್ಚಲು ಅದಕ್ಕೆ ಗೋಡೆಯೇ ಇಲ್ಲ.

ಅಂಟಿನ ಕೆಲಸದಲ್ಲಿ ಪಳಗಿದ್ದು ಎರಡು. ಒಂದು ಯುರೋಪಿನ ಮೆಲ್ಲಿಫೆರಾ ಜೇನು. ಇನ್ನೊಂದು ನಮ್ಮ ಮಿಸರಿ, ಕರಾವಳಿಯವರು ಮುಜಂಟಿ ಎಂದು ಕರೆಯುವ ಕೊಂಡಿಯಿಲ್ಲದ ಜೇನು. ನಾಲ್ಕು ಮಿಲಿಮೀಟರ್ ಉದ್ದದ ಈ ಹುಳು ಚುಚ್ಚಲಾರದು. ಅದರ ರಕ್ಷಣೆಯೆಲ್ಲ ಅಂಟಿನಿಂದಲೇ. ಗೂಡಿನ ಬಾಗಿಲಿಗೆ ಅಂಟು ಮತ್ತು ಮೇಣದ ಕೊಳವೆ ಕಟ್ಟುತ್ತದೆ, ಒಳಗೆ ಬಂದ ಇರುವೆಯ ಕಾಲಿಗೆ ಅಂಟಿನ ಹನಿ ಮೆತ್ತಿ ನಿಲ್ಲಿಸುತ್ತದೆ. ತುಪ್ಪ ತುಂಬುವ ಗಡಿಗೆಗಳು, ಮರಿಗಳ ಕೋಶಗಳು, ಅವನ್ನು ಹಿಡಿದಿಡುವ ಕಂಬಗಳು ಎಲ್ಲವೂ ಮೇಣಕ್ಕೆ ಅಂಟು ಬೆರೆಸಿ ಮಾಡಿದವೇ.

ಇನ್ನು ಮರ. ಅಂಟಿನಲ್ಲಿ ಏನಿರುತ್ತದೆ ಎಂಬುದನ್ನು ತೀರ್ಮಾನಿಸುವುದು ಹುಳಕ್ಕಿಂತ ಹೆಚ್ಚಾಗಿ ಮರ. ಕೇಪ್ ಧಾರಾಳವಾಗಿ ಸಿಗುವುದು ಪೋಪ್ಲರ್ ಮರದ ಮೊಗ್ಗಿನ ಅಂಟಿನಲ್ಲಿ. ಯುರೋಪ್, ಉತ್ತರ ಅಮೆರಿಕ ಮತ್ತು ಚೀನಾದ ಪ್ರೊಪೊಲಿಸ್ ಬಹುಪಾಲು ಪೋಪ್ಲರ್ ಮೂಲದ್ದು. ನಮ್ಮ ದೇಶದಲ್ಲಿ ಪಂಜಾಬ್, ಹರಿಯಾಣ, ಪಶ್ಚಿಮ ಉತ್ತರ ಪ್ರದೇಶದ ರೈತರು ಪೋಪ್ಲರ್ ತೋಪು ಬೆಳೆಸುತ್ತಾರೆ. ಆಗುಂಬೆಯ ಕಾಡಿನಲ್ಲಿ ಪೋಪ್ಲರ್ ಇಲ್ಲ. ಬ್ರೆಜಿಲ್‌ನ ಹಸಿರು ಪ್ರೊಪೊಲಿಸ್ ಬ್ಯಾಕರಿಸ್ ಎಂಬ ಪೊದೆಯಿಂದ ಬರುತ್ತದೆ, ಅದರ ಮುಖ್ಯ ಸಂಯುಕ್ತ ಆರ್ಟೆಪಿಲಿನ್-ಸಿ. ಅದೇ ದೇಶದ ಕೆಂಪು ಪ್ರೊಪೊಲಿಸ್‌ನದ್ದು ಮತ್ತೊಂದೇ ರಸಾಯನ. ಒಂದೇ ಹೆಸರಿನ ಸೀಸೆಗಳಲ್ಲಿ ಇಷ್ಟು ಬೇರೆ ಬೇರೆ ಸರಕು ಇದೆ.

ಮಿಸರಿ ನಮ್ಮಲ್ಲಿ ಮಾವು ಮತ್ತು ಹಲಸಿನ ಗಾಯಗಳಿಗೆ ಮುತ್ತುವುದನ್ನು ನೀವೇ ನೋಡಿರುತ್ತೀರಿ. ಧೂಪ, ಉಪ್ಪಾಗೆ, ಹೊನ್ನೆಯಂಥ ಅಂಟು ಸುರಿಸುವ ಮರಗಳಿಗೂ ಇಲ್ಲಿ ಕೊರತೆಯಿಲ್ಲ. ಆ ಅಂಟಿನಲ್ಲಿ ಒಳ್ಳೆಯ ಗುಣಗಳು ಇರಬಾರದೆಂದೇನೂ ಇಲ್ಲ. ಆದರೆ ಅದನ್ನು ಅದರದ್ದೇ ಹೆಸರಿನಲ್ಲಿ ಪರೀಕ್ಷಿಸಬೇಕು. ಪೋಪ್ಲರ್ ಗಳಿಸಿದ ಕೀರ್ತಿಯನ್ನು ಹಲಸಿನ ಅಂಟಿಗೆ ಹಂಚಲು ಬರುವುದಿಲ್ಲ.

ಸುತ್ತಲಿನ ರಸ್ತೆ, ಮನೆಗಳನ್ನೂ ಒಮ್ಮೆ ನೋಡಿ. ಅಂಟು ಎಲ್ಲಿ ಸುಲಭವಾಗಿ ಸಿಗುತ್ತದೋ ಅಲ್ಲಿಂದ ಹುಳು ತರುತ್ತದೆ. ಹಸಿ ಬಣ್ಣ, ಬಿಸಿಲಿಗೆ ಕರಗಿದ ರಸ್ತೆಯ ಡಾಂಬರು ಕೂಡ ಅದಕ್ಕೆ ಅಂಟೇ. ಹಳೆಯ ಬಣ್ಣಗಳಲ್ಲಿ ಸೀಸವಿರುತ್ತದೆ. ಹೆದ್ದಾರಿ ಬದಿಯ ಗೂಡಿನ ಅಂಟನ್ನು ಬಾಯಿಗೆ ಹಾಕಿಕೊಳ್ಳುವ ಯೋಚನೆಯನ್ನು ಇಲ್ಲಿಗೇ ಬಿಡಿ. ಕೊಳೆರೋಗಕ್ಕೆ ತಾಮ್ರ ಬೆರೆತ ಬೋರ್ಡೊ ದ್ರಾವಣ ಹೊಡೆದ ತೋಟದ ನಡುವಿನ ಗೂಡಾದರೆ ತಾಮ್ರದ ಪ್ರಶ್ನೆಯೂ ಸೇರಿಕೊಳ್ಳುತ್ತದೆ.

ಎರಡನೆಯದು: ಸುದ್ದಿಯನ್ನು ಮೂರು ಪಾಲು ಮಾಡಿ ಓದುವುದು

ಕೇಪ್ ಕುರಿತ ಸಂಶೋಧನೆ ಸುಳ್ಳಲ್ಲ. 1988ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಗ್ರುನ್‌ಬರ್ಗರ್ ಮತ್ತು ಸಂಗಡಿಗರು ಪ್ರೊಪೊಲಿಸ್‌ನಿಂದ ಬೇರ್ಪಡಿಸಿದ ಕೇಪ್ ಸಾಮಾನ್ಯ ಕೋಶಗಳಿಗಿಂತ ಗಡ್ಡೆಯ ಕೋಶಗಳ ಮೇಲೆ ಹೆಚ್ಚು ಉಗ್ರವಾಗಿ ಎರಗುತ್ತದೆ ಎಂದು ತೋರಿಸಿದರು. 1993ರಲ್ಲಿ ಎಚ್‌ಐವಿ ವೈರಸ್ ಕೋಶದೊಳಗೆ ನೆಲೆಯೂರಲು ಬಳಸುವ ಇಂಟಿಗ್ರೇಸ್ ಕಿಣ್ವವನ್ನು ಅದು ತಡೆಯುತ್ತದೆಂಬ ವರದಿ ಬಂತು. 1996ರ ಸಂಶೋಧನೆ ಇನ್ನೂ ಹೆಚ್ಚು ಗಮನ ಸೆಳೆಯಿತು. ನಮ್ಮ ಕೋಶಗಳಲ್ಲಿ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನ್ ಇದೆ. ಅದು ಕೋಶಕೇಂದ್ರಕ್ಕೆ ಹೋಗಿ ಉರಿಯೂತಕ್ಕೆ ಸಂಬಂಧಿಸಿದ ಹತ್ತಾರು ಜೀನ್‌ಗಳನ್ನು ಎಬ್ಬಿಸುತ್ತದೆ. ಆ ಎಬ್ಬಿಸುವ ಕೆಲಸವನ್ನು ಕೇಪ್ ತಡೆಯುತ್ತದೆ ಎಂದು ಆ ಅಧ್ಯಯನ ಹೇಳಿತು. ಸಂಧಿವಾತ, ಕರುಳಿನ ಉರಿಯೂತ, ಕ್ಯಾನ್ಸರ್ ಎಲ್ಲದರಲ್ಲೂ ಈ ಪ್ರೋಟೀನಿನ ಕೈವಾಡ ಇರುವುದರಿಂದ, ಕೇಪ್ ಎಲ್ಲ ರೋಗಗಳ ಪಟ್ಟಿಗೂ ಹತ್ತಿಕೊಂಡಿತು.

ಈ ಬಗೆಯ ಯಾವುದೇ ಸುದ್ದಿ ಸಿಕ್ಕಾಗ ಕೇಳಬೇಕಾದ ಪ್ರಶ್ನೆ ಒಂದೇ: ಗಾಜಿನ ತಟ್ಟೆಯಲ್ಲೋ, ಇಲಿಯಲ್ಲೋ, ಮನುಷ್ಯನಲ್ಲೋ?

ಗಾಜಿನ ತಟ್ಟೆಯಲ್ಲಿ ಶುದ್ಧ ಕೇಪನ್ನು ಬೇಕಾದ ಪ್ರಮಾಣದಲ್ಲಿ ನೇರವಾಗಿ ಕೋಶಗಳ ಮೇಲೆ ಸುರಿಯಬಹುದು. ಹಾಗೆ ಬಳಸುವ ಕೇಪ್ ಪ್ರಯೋಗಾಲಯದಲ್ಲೇ ತಯಾರಾದದ್ದೂ ಆಗಿರಬಹುದು, ಅದಕ್ಕೆ ಜೇನುಗೂಡಿನ ನಂಟೇ ಬೇಕಿಲ್ಲ. ದೇಹದಲ್ಲಿ ಕಥೆ ಬೇರೆ. ಕೇಪ್ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಕರುಳನ್ನು ದಾಟಬೇಕು, ಯಕೃತ್ತನ್ನು ದಾಟಬೇಕು. ಇಲಿಯ ರಕ್ತದಲ್ಲಿರುವ ಕಿಣ್ವವೊಂದು ಅದನ್ನು ಬೇಗನೆ ಒಡೆದು ಕೆಫೀಕ್ ಆಮ್ಲ ಮಾಡಿಬಿಡುತ್ತದೆ. ಆ ಆಮ್ಲ ಕಾಫಿಯಂಥ ಹಲವು ಸಸ್ಯಮೂಲದ ಆಹಾರಗಳಿಂದ ಬರುವ ಸಾಧಾರಣ ವಸ್ತು. ಮನುಷ್ಯರ ಪ್ಲಾಸ್ಮಾದಲ್ಲಿ ಆ ಕಿಣ್ವ ಇಲ್ಲದ ಕಾರಣ ಇಲಿಯ ಲೆಕ್ಕ ನಮಗೆ ಹಾಗೆಯೇ ಒಪ್ಪುವುದಿಲ್ಲ, ನಮ್ಮ ಲೆಕ್ಕ ಇಲಿಗೂ ಒಪ್ಪುವುದಿಲ್ಲ. ಇಲಿಯಲ್ಲಿ ಗೆದ್ದ ಮದ್ದು ಮನುಷ್ಯರಲ್ಲಿ ಸೋಲುವುದು ಔಷಧ ಸಂಶೋಧನೆಯ ದಿನನಿತ್ಯದ ಸಂಗತಿ. ಕೇಪ್ ಈವರೆಗೆ ಯಾವ ರೋಗಕ್ಕೂ ಅನುಮೋದಿತ ಔಷಧವಾಗಿ ಬಂದಿಲ್ಲ.

ಮನುಷ್ಯರ ಮೇಲೆ ನಡೆದ ಪರೀಕ್ಷೆಗಳು ಇಡೀ ಪ್ರೊಪೊಲಿಸ್ ಸಾರದವು, ಅದೂ ಹೆಚ್ಚಿನವು ಚಿಕ್ಕ ಗುಂಪುಗಳ ಮೇಲೆ. ತುಟಿಯ ಮೇಲೆ ಏಳುವ ಹರ್ಪಿಸ್ ಗುಳ್ಳೆಗೆ ಹಚ್ಚುವ ಮುಲಾಮು, ಬಾಯಿ ಮುಕ್ಕಳಿಸುವ ದ್ರಾವಣ, ಕ್ಯಾನ್ಸರ್ ಚಿಕಿತ್ಸೆಯ ವೇಳೆ ಬಾಯಿಯಲ್ಲಿ ಏಳುವ ಹುಣ್ಣು: ಇಂಥ ಮೇಲುಮೇಲಿನ ಉಪಯೋಗಗಳಲ್ಲಿ ಒಂದಿಷ್ಟು ಭರವಸೆ ಇದೆ. ಅಂಟು ನೇರವಾಗಿ ಗಾಯದ ಮೇಲೇ ಕೂರುವುದರಿಂದ ಕರುಳಿನ ತಾಪತ್ರಯ ಇಲ್ಲ, ಹಾಗಾಗಿ ಈ ಭರವಸೆಗೆ ಕಾರಣವಿದೆ. ಕೋವಿಡ್ ಸಮಯದಲ್ಲಿ ಬ್ರೆಜಿಲ್‌ನ ಆಸ್ಪತ್ರೆಯೊಂದರಲ್ಲಿ 124 ರೋಗಿಗಳ ಮೇಲೆ ಪ್ರಯೋಗ ನಡೆಯಿತು. ವಾಡಿಕೆಯ ಚಿಕಿತ್ಸೆಯ ಜೊತೆಗೆ ಪ್ರೊಪೊಲಿಸ್ ಪಡೆದವರು ಬೇಗ ಮನೆಗೆ ಹೋದರು ಎಂದು 2021ರಲ್ಲಿ ಪ್ರಕಟವಾಯಿತು. ಆ ಸುದ್ದಿ ನಮ್ಮ ಮೊಬೈಲುಗಳಿಗೂ ಬಂತು. ಬರುವ ದಾರಿಯಲ್ಲಿ ಎರಡು ಸಂಗತಿಗಳು ಉದುರಿಹೋಗಿದ್ದವು. ಯಾರಿಗೆ ಏನು ಕೊಡಲಾಗುತ್ತಿದೆ ಎಂಬುದು ವೈದ್ಯರಿಗೂ ರೋಗಿಗಳಿಗೂ ತಿಳಿದೇ ಇತ್ತು ಎಂಬುದು ಒಂದು. ಬಳಸಿದ್ದು ಬ್ರೆಜಿಲ್‌ನ ಹಸಿರು ಪ್ರೊಪೊಲಿಸ್, ಅದರ ಹೆಗ್ಗಳಿಕೆ ಕೇಪ್ ಅಲ್ಲ ಎಂಬುದು ಮತ್ತೊಂದು.

ಸೀಸೆ ಕೊಳ್ಳುವುದಾದರೆ

ಚೀಟಿಯನ್ನು ತಿರುಗಿಸಿ ಹಿಂಭಾಗ ಓದಿ. ಆಹಾರ ಪದಾರ್ಥವಾಗಿ ಮಾರುವುದಾದರೆ ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಎಫ್‌ಎಸ್‌ಎಸ್‌ಎಐನ 14 ಅಂಕೆಗಳ ಪರವಾನಗಿ ಸಂಖ್ಯೆ ಇರಬೇಕು. ಆಯುರ್ವೇದ ಔಷಧವಾಗಿ ಮಾರುವುದಾದರೆ ಆ ಬಗೆಯ ತಯಾರಿಕಾ ಪರವಾನಗಿಯ ಸಂಖ್ಯೆ ಬೇಕು. ಎರಡೂ ಇಲ್ಲದ ಸೀಸೆಯನ್ನು ಎತ್ತಿದಲ್ಲೇ ಇಡಿ. ನಂತರ ಮೂಲ ನೋಡಿ: ಯಾವ ದೇಶದ್ದು, ಯಾವ ಜೇನಿನದ್ದು, ಒಂದು ಮಿಲಿಲೀಟರಿನಲ್ಲಿ ಎಷ್ಟು ಸಾರ, ಯಾವ ದ್ರಾವಕ. ‘ಶೇಕಡಾ 30’ ಎಂದಷ್ಟೇ ಬರೆದಿದ್ದರೆ ಅದು ಹಾಕಿದ ಕಚ್ಚಾ ಅಂಟಿನ ತೂಕವೋ, ಕರಗಿ ಉಳಿದ ಸಾರದ ತೂಕವೋ ತಿಳಿಯದು. ಎರಡಕ್ಕೂ ಬಹಳ ಅಂತರವಿದೆ, ಏಕೆಂದರೆ ಕಚ್ಚಾ ಅಂಟಿನಲ್ಲಿ ಸುಮಾರು ಮೂರನೇ ಒಂದು ಪಾಲು ಬರೀ ಮೇಣ.

ಕೇಪ್ ಇದೆ ಎಂದು ಬರೆದಿದ್ದರೆ ಎಷ್ಟು ಮಿಲಿಗ್ರಾಂ ಎಂದು ಅಂಕೆ ಇರಬೇಕು, ಅದಕ್ಕೆ ಪರೀಕ್ಷಾ ವರದಿಯೂ ಇರಬೇಕು. ಪೋಪ್ಲರ್ ಮೊಗ್ಗು ಮತ್ತು ತೊಗಟೆಯನ್ನು ಕುದಿಸಿ ತೆಗೆದ ಅಂಟನ್ನೇ ಪ್ರೊಪೊಲಿಸ್ ಎಂದು ಮಾರುವ ಕಲಬೆರಕೆ ಚೀನಾದ ಮಾರುಕಟ್ಟೆಯಲ್ಲಿ ಸಂಶೋಧಕರಿಗೇ ತಲೆನೋವಾಗಿತ್ತು. ‘ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ’ ಎಂಬ ಸಾಲು ಎಷ್ಟು ದೊಡ್ಡ ಅಕ್ಷರದಲ್ಲಿದೆಯೋ ಹಿಂಭಾಗದ ಅಂಕೆಗಳು ಅಷ್ಟೇ ಚಿಕ್ಕದಾಗಿರುತ್ತವೆ. ಕನ್ನಡಕ ಜೊತೆಗಿರಲಿ.

ಬಳಸುವ ಮೊದಲು ತೋಳಿಗೆ

ಪ್ರೊಪೊಲಿಸ್ ಚರ್ಮಕ್ಕೆ ಅಲರ್ಜಿ ತರುವ ವಸ್ತುಗಳಲ್ಲಿ ಒಂದು. ಮೆಲ್ಲಿಫೆರಾ ಸಾಕುವವರ ಕೈಬೆರಳುಗಳಲ್ಲಿ ಏಳುವ ಕಜ್ಜಿಗೆ ಎಷ್ಟೋ ಸಲ ಇದೇ ಕಾರಣ. ಪೋಪ್ಲರ್ ಅಂಟಿನಲ್ಲಿ ಈ ಅಲರ್ಜಿ ಎಬ್ಬಿಸುವವು ಕೆಫಿಯೇಟ್ ಎಂಬ ಸಂಯುಕ್ತಗಳ ಗುಂಪು, ಕೇಪ್ ಕೂಡ ಆ ಗುಂಪಿನ ಸದಸ್ಯ. ಯಾವುದಕ್ಕಾಗಿ ಜನ ಹಣ ಕೊಡುತ್ತಾರೋ ಅದೇ ತುರಿಕೆ ತರುವುದೂ ಹೌದು. ‘ಕೇಪ್ ಹೆಚ್ಚಿದೆ’ ಎಂಬುದು ಎಲ್ಲರಿಗೂ ಹೊಗಳಿಕೆಯಲ್ಲ.

ಮೊಣಕೈ ಒಳಮೈಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ಒಂದು ಹನಿ ಹಚ್ಚಿ, ಒಣಗಿದ ಮೇಲೆ ಪಟ್ಟಿ ಕಟ್ಟಿ. ಎರಡು ದಿನ ನೀರು ತಾಗಿಸಬೇಡಿ. ಬಿಚ್ಚಿದ ಮೇಲೂ ಮತ್ತೆರಡು ದಿನ ಗಮನಿಸುತ್ತಿರಿ, ಏಕೆಂದರೆ ಈ ಬಗೆಯ ಅಲರ್ಜಿ ಹಚ್ಚಿದ ಗಂಟೆಯಲ್ಲೇ ಏಳುವುದಿಲ್ಲ, ಮೂರನೆಯ ಅಥವಾ ನಾಲ್ಕನೆಯ ದಿನ ಕೆಂಪಾಗಿ ತುರಿಸತೊಡಗುತ್ತದೆ. ಕೆಂಪಾದರೆ ಆ ಸೀಸೆ ನಿಮ್ಮದಲ್ಲ. ಏನೂ ಆಗದಿದ್ದರೂ ಅದು ಪೂರ್ತಿ ಅಭಯವಲ್ಲ, ಖಚಿತ ಉತ್ತರ ಬೇಕಿದ್ದರೆ ಚರ್ಮರೋಗ ತಜ್ಞರು ಮಾಡುವ ಪ್ಯಾಚ್ ಪರೀಕ್ಷೆಯೇ ಆಗಬೇಕು. ಜೇನು ಕಚ್ಚಿದರೆ ಉಸಿರುಗಟ್ಟುವವರು, ಆಸ್ತಮಾ ಇರುವವರು, ಎಕ್ಸಿಮಾ ಇರುವವರು ಈ ಮನೆಪರೀಕ್ಷೆಯನ್ನೂ ಮಾಡಬೇಡಿ.

ಸ್ವಂತ ಮಿಸರಿ ಗೂಡಿನಿಂದ ತೆಗೆಯುವ ಬಗೆ

ಕಾಡಿನ ಗೂಡು ಒಡೆಯುವ ಮಾತು ಇಲ್ಲಿಲ್ಲ. ಕಾಯ್ದಿಟ್ಟ ಅರಣ್ಯದಿಂದ ತರುವುದು ಕಾನೂನಿನ ತೊಡಕು ಮಾತ್ರವಲ್ಲ. ಗೂಡು ತೆಗೆಯಲು ಹೋಗುವ ಒಣಹವೆಯ ತಿಂಗಳುಗಳು ಮಂಗನ ಕಾಯಿಲೆಯ ಕಾಲವೂ ಹೌದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಿಸಿದ ಆ ಜ್ವರ ಉಣುಗುಗಳಿಂದ ಹರಡುತ್ತದೆ, ಪೊಟರೆ ಹುಡುಕುತ್ತ ಮರದ ಬುಡದಲ್ಲಿ ಕೂರುವವರ ಮೈಗೆ ಉಣುಗು ಹತ್ತುವುದು ಬಹಳ ಸುಲಭ. ಅಂಚಿನ ತೋಟಕ್ಕೆ ಹೋಗಲೇಬೇಕಾದರೆ ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ ಹಚ್ಚಿಕೊಂಡು, ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡಿ.

ಪೆಟ್ಟಿಗೆ, ಮಡಕೆ, ಬಿದಿರಿನ ಬೊಂಬು ಅಥವಾ ತೆಂಗಿನ ಚಿಪ್ಪಿನಲ್ಲಿ ಸಾಕಿದ ಗೂಡು ನಿಮ್ಮಲ್ಲಿದ್ದರೆ ಜನವರಿಯಿಂದ ಏಪ್ರಿಲ್ ನಡುವೆ, ಬಿಸಿಲು ಏರುವ ಮುನ್ನ ಬೆಳಿಗ್ಗೆ ಕೆಲಸ ಹಿಡಿಯಿರಿ. ಮಳೆಗಾಲದಲ್ಲಿ ಗೂಡು ಮುಟ್ಟಬೇಡಿ. ಹೊರಗೆ ಹೋಗಲಾಗದ ಹುಳುಗಳಿಗೆ ಒಡೆದದ್ದನ್ನು ಮತ್ತೆ ಕಟ್ಟಲು ಸರಕು ಸಿಗುವುದಿಲ್ಲ. ಬೆರಳಿಗೆ ಮತ್ತು ಚಾಕುವಿನ ಅಲಗಿಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳಿ. ಇಲ್ಲದಿದ್ದರೆ ಅಂಟು ಉಗುರಿನ ಸಂದಿಯಲ್ಲಿ ವಾರದವರೆಗೆ ಉಳಿಯುತ್ತದೆ, ಸೋಪಿಗಂತೂ ಬಗ್ಗುವುದಿಲ್ಲ. ಹುಳು ಚುಚ್ಚದಿದ್ದರೂ ಕಿವಿಗೆ, ತಲೆಗೂದಲಿಗೆ ನುಗ್ಗುತ್ತದೆ. ತಲೆಗೊಂದು ಬಟ್ಟೆ ಇರಲಿ.

ಮುಚ್ಚಳ ಎತ್ತಿದಾಗ ನಡುವೆ ಹಳದಿ ಬಣ್ಣಕ್ಕೆ ತಿರುಗಿದ ಮರಿಕೋಶಗಳ ಗೊಂಚಲು ಕಾಣುತ್ತದೆ. ಅದನ್ನು ಮುಟ್ಟಬಾರದು. ಅಂಚಿನಲ್ಲಿ ತುಪ್ಪ ಮತ್ತು ಪರಾಗದ ಗಡಿಗೆಗಳು. ನಿಮಗೆ ಬೇಕಾದದ್ದು ಮೂಲೆಗಳಲ್ಲಿ, ಬಾಗಿಲಿನ ಸಮೀಪ, ಕಪ್ಪುಗಂದು ಬಣ್ಣದಲ್ಲಿ ಹೊಳೆಯುತ್ತ ಗುಡ್ಡೆಯಾಗಿ ಬಿದ್ದಿರುವ ಹಸಿ ಅಂಟು ಮತ್ತು ಮುಚ್ಚಳದ ಅಡಿಗೆ ಅಂಟಿದ ಗಟ್ಟಿ ಪದರ. ಚಾಕುವಿನಿಂದ ಮೇಲಿನಿಂದ ಹೆರೆಯಿರಿ, ಮರದ ಸಿಬಿರು ಬರುವಷ್ಟು ಆಳಕ್ಕೆ ಹೋಗಬೇಡಿ. ಬಾಗಿಲಿನ ಕೊಳವೆಯನ್ನು ಹಾಗೆಯೇ ಬಿಡಿ, ಅದು ಹೋದರೆ ಇರುವೆಗಳಿಗೆ ದಾರಿ ತೆರೆದಂತೆ. ತುಪ್ಪದ ಗಡಿಗೆ ಒಡೆದು ಚೆಲ್ಲಿದರೆ ತಕ್ಷಣ ಒರೆಸಿ, ಚೆಲ್ಲಿದ ತುಪ್ಪಕ್ಕೆ ಬರುವ ನೊಣ ಇಡೀ ಸಂಸಾರವನ್ನೇ ಮುಗಿಸಬಲ್ಲದು. ಕೆಲಸ ಮುಗಿದೊಡನೆ ಮುಚ್ಚಳದ ಸುತ್ತ ಕಾಗದದ ಪಟ್ಟಿ ಅಂಟಿಸಿ ಅಥವಾ ಜೇಡಿಮಣ್ಣು ಮೆತ್ತಿ.

ಎಲ್ಲವನ್ನೂ ಹೆರೆದು ತೆಗೆಯುವ ಆಸೆ ಬೇಡ. ಇದು ಬರೀ ದಯೆಯ ಮಾತಲ್ಲ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಮಾರ್ಲಾ ಸ್ಪಿವಾಕ್ ಮತ್ತು ಸಂಗಡಿಗರು ಮೆಲ್ಲಿಫೆರಾ ಗೂಡುಗಳ ಒಳಗೋಡೆಗೆ ಅಂಟಿನ ಲೇಪ ಕೊಟ್ಟು ನೋಡಿದ್ದಾರೆ. ಲೇಪವಿದ್ದ ಗೂಡುಗಳಲ್ಲಿ ಬ್ಯಾಕ್ಟೀರಿಯಾ ಕಡಿಮೆ ಇತ್ತು, ಹುಳುಗಳು ತಮ್ಮ ರೋಗನಿರೋಧಕ ವ್ಯವಸ್ಥೆಗೆ ಕಡಿಮೆ ಶಕ್ತಿ ವ್ಯಯಿಸುತ್ತಿದ್ದವು ಎಂದು 2009ರಲ್ಲಿ ವರದಿ ಮಾಡಿದ್ದಾರೆ. ಪ್ರೊಪೊಲಿಸ್ ಮದ್ದು ಎಂಬುದಕ್ಕೆ ಇರುವ ಗಟ್ಟಿ ಸಾಕ್ಷ್ಯಗಳಲ್ಲಿ ಇದೂ ಒಂದು, ಮದ್ದು ಜೇನಿಗೆ ಎಂಬುದಷ್ಟೇ ವ್ಯತ್ಯಾಸ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ಬಂದು ರಾಜ್ಯದ ತುಡುವೆ ಪೆಟ್ಟಿಗೆಗಳು ಸಾಲುಸಾಲಾಗಿ ಖಾಲಿಯಾದದ್ದನ್ನು ಕಂಡವರಿಗೆ ಜೇನಿನ ಆರೋಗ್ಯ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ.

ತೆಗೆದ ಅಂಟನ್ನು ಕಾಯಿಸಬೇಡಿ. ನಮ್ಮ ಬೇಸಿಗೆಯ ಬಿಸಿಗೇ ಅದು ಮೆತ್ತಗಾಗಿ ಕೈಗೆ ಮೆತ್ತುತ್ತದೆ, ತಣ್ಣಗಾದರೆ ಗಾಜಿನ ಹಾಗೆ ಪುಡಿಯಾಗುತ್ತದೆ. ಈ ಗುಣವನ್ನೇ ಬಳಸಿಕೊಳ್ಳಿ. ಒಂದು ರಾತ್ರಿ ಫ್ರೀಜರಿನಲ್ಲಿಟ್ಟು, ಬೆಳಿಗ್ಗೆ ಬಟ್ಟೆಯಲ್ಲಿ ಸುತ್ತಿ ಕುಟ್ಟಿದರೆ ಚೂರಾಗುತ್ತದೆ. ಆಗ ಸಿಬಿರು, ಹುಳುವಿನ ಕಾಲು ರೆಕ್ಕೆ, ಮಣ್ಣು ಆರಿಸಿ ತೆಗೆಯಬಹುದು. ಆರಿಸಿದ್ದನ್ನು ಬಿಗಿಯಾದ ಗಾಜಿನ ಭರಣಿಯಲ್ಲಿ ಹಾಕಿ ಕತ್ತಲಲ್ಲಿಡಿ. ಗೂಡಿನ ಜಾಗ, ತೆಗೆದ ತಿಂಗಳು, ಆಗ ಸುತ್ತ ಅಂಟು ಸುರಿಸುತ್ತಿದ್ದ ಮರಗಳ ಹೆಸರನ್ನು ಚೀಟಿಯಲ್ಲಿ ಬರೆದು ಅಂಟಿಸಿ. ಈ ಚೀಟಿಯ ಬೆಲೆ ಮುಂದೆ ತಿಳಿಯುತ್ತದೆ.

ದ್ರಾವಣ ಮಾಡುವುದು, ಮತ್ತು ಅದನ್ನು ಕುಡಿಯದಿರುವುದು

ಕಷಾಯಕ್ಕೆ ಹಾಕಿ ಕುದಿಸುವವರಿದ್ದಾರೆ. ಅಂಟಿನ ಬಹುಪಾಲು ನೀರಿನಲ್ಲಿ ಕರಗುವುದೇ ಇಲ್ಲ, ತಪ್ಪಲೆಯ ತಳಕ್ಕೆ ಹಿಡಿದುಕೊಳ್ಳುತ್ತದೆ. ಕಷಾಯಕ್ಕೆ ಇಳಿಯುವುದು ಅಷ್ಟಿಷ್ಟು ಬಣ್ಣ ಮತ್ತು ಒಗರು. ತಪ್ಪಲೆ ಉಜ್ಜುವವರ ಶಾಪ ಬೇರೆ.

ಅಂಟನ್ನು ಕರಗಿಸುವುದು ಆಲ್ಕೋಹಾಲ್. ಪ್ರಯೋಗಾಲಯಗಳಲ್ಲಿ ಸಾಮಾನ್ಯವಾಗಿ ಶೇಕಡಾ 70ರ ಎಥನಾಲ್ ಬಳಸುತ್ತಾರೆ. 10 ಗ್ರಾಂ ಪುಡಿಗೆ 100 ಮಿಲಿಲೀಟರ್ ಹಾಕಿ, ಕಡುಬಣ್ಣದ ಸೀಸೆಯಲ್ಲಿ ಎರಡು ವಾರ ಕತ್ತಲಲ್ಲಿಟ್ಟು, ದಿನಕ್ಕೊಮ್ಮೆ ಅಲುಗಿಸಿ, ಆಮೇಲೆ ಒಂದು ರಾತ್ರಿ ಫ್ರಿಜ್ಜಿನಲ್ಲಿಟ್ಟರೆ ಮೇಣ ತಳಕ್ಕೆ ಇಳಿಯುತ್ತದೆ. ತಣ್ಣಗಿರುವಾಗಲೇ ಸೋಸುವ ಕಾಗದದಲ್ಲಿ ಸೋಸಬೇಕು.

ಮನೆಯಲ್ಲಿ ತೊಡಕಾಗುವುದು ಇಲ್ಲಿಯೇ. ಶುದ್ಧ ಎಥನಾಲ್ ಅಬಕಾರಿ ಕಾನೂನಿನ ವಸ್ತು, ಅಂಗಡಿಯಲ್ಲಿ ಸಲೀಸಾಗಿ ಸಿಗುವುದಿಲ್ಲ. ಸಿಗುವುದು ಸರ್ಜಿಕಲ್ ಸ್ಪಿರಿಟ್ ಮತ್ತು ಸ್ಯಾನಿಟೈಜರ್. ಕುಡಿಯದಿರಲೆಂದೇ ಅವುಗಳಲ್ಲಿ ವಿಷ ಬೆರೆಸಿರುತ್ತಾರೆ, ಮೆಥನಾಲ್ ಇದ್ದರೆ ಕಣ್ಣೂ ಹೋದೀತು, ಜೀವವೂ ಹೋದೀತು. ಆದ್ದರಿಂದ ನನ್ನ ಅಭಿಪ್ರಾಯ ನೇರವಾದದ್ದು: ಮನೆಯಲ್ಲಿ ಮಾಡಿದ ದ್ರಾವಣ ಬಾಯಿಗೂ ಬೇಡ, ತೆರೆದ ಗಾಯಕ್ಕೂ ಬೇಡ. ಬಾಯಿಗೆ ಬೇಕೆನಿಸಿದರೆ ಪರವಾನಗಿ ಇರುವ ಸೀಸೆ ಕೊಳ್ಳಿ.

ಹಾಗಾದರೆ ಮನೆಯ ದ್ರಾವಣ ಯಾತಕ್ಕೆ? ಹೊಸ ಮಿಸರಿ ಪೆಟ್ಟಿಗೆಯ ಒಳಗೋಡೆಗೆ ಬಳಿಯಲು. ಆಲ್ಕೋಹಾಲ್ ಪೂರ್ತಿ ಆರಿ ಅಂಟಿನ ವಾಸನೆ ಉಳಿದರೆ, ಗೂಡು ಹುಡುಕುವ ಹುಳುಗಳಿಗೆ ಅದೇ ಆಹ್ವಾನ. ಬ್ರೆಜಿಲ್‌ನ ಕೊಂಡಿಯಿಲ್ಲದ ಜೇನು ಸಾಕುವವರು ಖಾಲಿ ಪ್ಲಾಸ್ಟಿಕ್ ಬಾಟಲಿಯ ಒಳಮೈಗೆ ಹೀಗೆ ಬಳಿದು, ಕಪ್ಪು ಕಾಗದ ಸುತ್ತಿ ಮರಕ್ಕೆ ಕಟ್ಟಿ ಹೊಸ ಸಂಸಾರಗಳನ್ನು ಹಿಡಿಯುತ್ತಾರೆ. ಮಿಸರಿ ತುಪ್ಪಕ್ಕೆ ಇರುವ ಬೆಲೆ ನೋಡಿದರೆ, ಒಂದು ಹೊಸ ಸಂಸಾರ ತರುವ ಲಾಭವನ್ನು ಯಾವ ಪ್ರೊಪೊಲಿಸ್ ಸೀಸೆಯೂ ತರಲಾರದು.

ಯಾರಿಗೆ ಬೇಡ

ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪವನ್ನೂ ಅಂಟನ್ನೂ ನೆಕ್ಕಿಸಬೇಡಿ. ಹುಟ್ಟಿದ ಮಗುವಿಗೆ ಜೇನು ಮುಟ್ಟಿಸುವ ರೂಢಿ ನಮ್ಮಲ್ಲಿದೆ ಎಂದು ಗೊತ್ತಿದ್ದೇ ಹೇಳುತ್ತಿದ್ದೇನೆ, ಬೊಟುಲಿಸಂ ಎಂಬ ಅಪಾಯದ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಾಣುಗಳು ಜೇನಿನಲ್ಲಿ ಇರಬಹುದು. ಬಸುರಿಯರು, ಬಾಣಂತಿಯರು, ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ನುಂಗುವವರು, ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾದವರು, ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಬಳಸಬಾರದು. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ ಮನೆಮದ್ದಿನ ಪ್ರಯೋಗ ಬೇಡ, ಅಲ್ಲಿ ಕಳೆದ ಒಂದೊಂದು ದಿನಕ್ಕೂ ಬೆಲೆ ತೆರಬೇಕಾಗುತ್ತದೆ.

ನಮ್ಮ ಸೀಮೆಗೆ ಇನ್ನೊಂದು ಎಚ್ಚರ ಬೇಕು. ಪ್ರೊಪೊಲಿಸ್ ಬಾಯಿಹುಣ್ಣಿಗೆ ಒಳ್ಳೆಯದು ಎಂಬ ಮಾತು ಕವಳ (ಎಲೆಯಡಿಕೆ) ಹಾಕುವವರ ಊರಿನಲ್ಲಿ ಅಪಾಯಕ್ಕೂ ದಾರಿಯಾಗಬಲ್ಲದು. ಅಡಿಕೆ ಜಗಿಯುವುದನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು, ಹೊಗೆಸೊಪ್ಪು ಸೇರಿದರೆ ಅಪಾಯ ಇನ್ನೂ ಹೆಚ್ಚು. ಅಡಿಕೆಯಿಂದ ಬದುಕುವ ನಮಗೆ ಈ ಮಾತು ರುಚಿಸುವುದಿಲ್ಲ, ಆದರೂ ಇದೆ. ಕೆನ್ನೆಯ ಒಳಗೆ ಬಿಳಿಯ ಅಥವಾ ಕೆಂಪು ಮಚ್ಚೆ, ಖಾರ ತಾಗಿದರೆ ಉರಿ, ಮೊದಲಿನಷ್ಟು ಬಾಯಿ ತೆರೆಯಲಾಗದಿರುವುದು, ಎರಡು ವಾರವಾದರೂ ಮಾಯದ ಹುಣ್ಣು: ಇವುಗಳಲ್ಲಿ ಯಾವುದೇ ಇದ್ದರೂ ಯಾವ ಅಂಟನ್ನೂ ಹಚ್ಚದೆ ದಂತವೈದ್ಯರಿಗೋ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಹೋಗಿ ತೋರಿಸಿ. ಕೇಪ್ ಕ್ಯಾನ್ಸರ್ ಕೋಶ ಕೊಂದಿದ್ದು ಗಾಜಿನ ತಟ್ಟೆಯಲ್ಲಿ. ಕ್ಯಾನ್ಸರ್ ಚಿಕಿತ್ಸೆ ಪಡೆಯುತ್ತಿರುವವರು ಇಂಥದ್ದನ್ನು ಜೊತೆಗೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಂದ ಮುಚ್ಚಿಡಬೇಡಿ.

ಅಲರ್ಜಿ ಇಲ್ಲದ ಆರೋಗ್ಯವಂತರು ಗಂಟಲು ಕೆರೆತಕ್ಕೆ ಪರವಾನಗಿಯುಳ್ಳ ತುಂತುರನ್ನೋ, ಚಪ್ಪರಿಸುವ ಗುಳಿಗೆಯನ್ನೋ ಎರಡು ಮೂರು ದಿನ ಬಳಸಿದರೆ ತಪ್ಪೇನಿಲ್ಲ. ತುಟಿ ಊದಿದರೆ, ಬಾಯಿ ತುರಿಸಿದರೆ ನಿಲ್ಲಿಸಿ.

ಮಾರುವ ಯೋಚನೆ ಇದ್ದರೆ

ನಿಮ್ಮ ಅಂಟಿನಲ್ಲಿ ಏನಿದೆ ಎಂದು ತಿಳಿಯಲು ಮೂಗು, ನಾಲಿಗೆ ಸಾಲದು. ಸಂಯುಕ್ತಗಳನ್ನು ಬೇರ್ಪಡಿಸಿ ಗುರುತಿಸುವ ಎಚ್‌ಪಿಎಲ್‌ಸಿ ಎಂಬ ಯಂತ್ರದಲ್ಲಿ, ಶುದ್ಧ ಕೇಪ್‌ನ ಮಾದರಿಯ ಪಕ್ಕದಲ್ಲಿಟ್ಟು ನೋಡಿದರೆ ಮಾತ್ರ ಇದೆ ಅಥವಾ ಇಲ್ಲ ಎಂದು ಹೇಳಬಹುದು. ದಾರಿ ಕೇಳಲು ನವಿಲೆಯ ಕೃಷಿ ವಿಜ್ಞಾನ ಕೇಂದ್ರ, ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ರಸಾಯನ ವಿಭಾಗದಂಥ ಕಡೆ ಹೋಗಿ ವಿಚಾರಿಸಿ. ಎಲ್ಲ ಕಡೆಯೂ ಎಲ್ಲ ಪರೀಕ್ಷೆ ಆಗದು, ಖಾಸಗಿ ಪ್ರಯೋಗಾಲಯವಾದರೆ ಶುಲ್ಕ ಮೊದಲೇ ಕೇಳಿ. ಕೇಪ್ ಜೊತೆಗೆ ಸೀಸ, ತಾಮ್ರ ಮತ್ತು ಕೀಟನಾಶಕದ ಶೇಷವನ್ನೂ ನೋಡಲು ಹೇಳಿ. ಕೊಳ್ಳುವವರಿಗೆ ಇದೇ ಹೆಚ್ಚು ಬೇಕಾದ ಮಾಹಿತಿ. ಭರಣಿಗೆ ಅಂಟಿಸಿದ ಚೀಟಿಯನ್ನು ಮಾದರಿಯ ಜೊತೆಗೇ ಕೊಡಿ. ಯಾವ ಮರದ ಅಂಟು ಎಂಬ ಸುಳಿವು ಸಿಕ್ಕರೆ ಪರೀಕ್ಷಿಸುವವರ ಅರ್ಧ ಹುಡುಕಾಟ ತಪ್ಪುತ್ತದೆ.

ವರದಿಯಲ್ಲಿ ಕೇಪ್ ಸಿಗದಿದ್ದರೆ ಬೇಸರ ಪಡುವ ಅಗತ್ಯವಿಲ್ಲ, ಸಿಗುವ ಸಂಭವವೇ ಕಡಿಮೆ. ಚೀಟಿಯ ಮೇಲೆ ಅದರ ಹೆಸರು ಹಾಕಬೇಡಿ, ರೋಗಗಳ ಪಟ್ಟಿಯನ್ನೂ ಹಾಕಬೇಡಿ. ಮಿಸರಿ ಜೇನಿನದ್ದು, ಇಂಥ ತಾಲ್ಲೂಕಿನದ್ದು, ಇಂಥ ತಿಂಗಳಲ್ಲಿ ತೆಗೆದದ್ದು, ಸುತ್ತ ಮಾವು, ಹಲಸು, ಧೂಪದ ಮರಗಳಿವೆ, ಸೀಸದ ಪರೀಕ್ಷೆ ಆಗಿದೆ ಎಂದು ಬರೆಯಿರಿ.